‘ಅಡ್ಡಿ ಇಲ್ಲ’ ಎಂದರೆ ಎದ್ದುಹೋಗುತ್ತಿದ್ದ ಅಜ್ಜ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಎತ್ತಿನ ಗೊರಸಿಗೆ ಮೊಳೆ ಹೊಡೆಯುವಾಗ ಎಂದೋ ಸುತ್ತಿಗೆ ತಪ್ಪಿ ಬಿದ್ದ ಗುರುತು ಅದು. ಎರಡು ಹೋಳಿನ ನಡುವೆ ಎಷ್ಟು ತೊಳೆದರೂ ಹೋಗದ ಎಣ್ಣೆಯ ಜಿಡ್ಡು. ಆ ಹೆಬ್ಬೆರಳನ್ನು ಮುರಿದ ಕೈಯ ಮೇಲೆ ಇಟ್ಟರೆ ಇಟ್ಟದ್ದೇ ತಿಳಿಯುತ್ತಿರಲಿಲ್ಲ. ಒತ್ತಿದರೆ ಮಾತ್ರ ನಮ್ಮ ಮನೆತನದ ಸತ್ತ ಹಿರಿಯರೆಲ್ಲ ಸಾಲಾಗಿ ನಿಂತು ಕಾಣುತ್ತಿದ್ದರು.

ಗಜೇಂದ್ರಗಡದವರು ಅವರನ್ನು ನಾಲಬಂದ ಅಜ್ಜ ಎನ್ನುತ್ತಿದ್ದರು. ಎತ್ತು, ಕುದುರೆಗಳಿಗೆ ಲಾಳ ಹೊಡೆಯುವುದು ಅವರ ಮನೆತನದ ಕಸುಬು. ಕೋಟೆಗುಡ್ಡದ ಬುಡದಲ್ಲಿ, ದನದ ಸಂತೆ ಕೂಡುವ ಬಯಲಿನ ಅಂಚಿಗೆ ಒಂದು ಬೇವಿನ ಮರವಿತ್ತು. ಮುಂಜಾನೆಯೆಲ್ಲ ಆ ಮರದ ಕೆಳಗೆ ಎತ್ತುಗಳ ಕೆಲಸ; ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮೇಲೆ ಮನುಷ್ಯರದು. ಎತ್ತನ್ನು ಹಗ್ಗ ಹಾಕಿ ಕೆಡವಿಯೇ ಲಾಳ ಹೊಡೆಯಬೇಕು. ಕೆಡವುವಾಗ ಅದರ ಕೀಲು ತಪ್ಪಿದರೆ ಕೂಡಿಸಬೇಕಾದವರೂ ಅವರೇ. ಹಾಗೆ ಕಲಿತ ವಿದ್ಯೆ ಮೆಲ್ಲಗೆ ಮನುಷ್ಯರಿಗೂ ದಾಟಿತು. ‘ದನದ ವೈದ್ಯ ನಮಗ್ಯಾಕ’ ಎಂದು ಮೂಗು ಮುರಿಯುತ್ತಿದ್ದವರು ಕೂಡ ಅಟ್ಟದಿಂದ ಬಿದ್ದ ದಿನ ನೆಟ್ಟಗೆ ಆ ಮರದ ಕೆಳಗೇ ಬರುತ್ತಿದ್ದರು.

ಅವರ ಒಂದು ಕಟ್ಟಳೆ ಊರಿಗೇ ಗೊತ್ತಿತ್ತು. ಅವರ ಮುಂದೆ ಕೂತವರು ‘ಅಡ್ಡಿ ಇಲ್ಲ’ ಅನ್ನಬಾರದು. ಅಂದರೆ ಸುಮ್ಮನೆ ಎದ್ದು ಎತ್ತಿನ ಕಡೆ ಹೋಗಿಬಿಡುತ್ತಿದ್ದರು.

ನಮ್ಮ ಸೀಮೆಯವರಿಗೆ ಇದು ಎಂಥ ಕಷ್ಟದ ಕಟ್ಟಳೆ ಎಂಬುದು ಬೇರೆ ಸೀಮೆಯವರಿಗೆ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಊಟ ಹೇಗಿತ್ತೆಂದರೆ ಅಡ್ಡಿ ಇಲ್ಲ. ಅಳಿಯ ಹೇಗಿದ್ದಾನೆಂದರೆ ಅಡ್ಡಿ ಇಲ್ಲ. ಜೋಳ ಹೇಗೆ ಬಂದಿದೆ ಎಂದರೂ ಅಡ್ಡಿ ಇಲ್ಲ. ಅದರಲ್ಲೂ ಮದ್ದು ಕೊಟ್ಟ ಹಿರಿಯರು ಬಂದು ವಿಚಾರಿಸಿದಾಗ ‘ಇನ್ನೂ ನೋಯುತ್ತದೆ’ ಅನ್ನುವುದುಂಟೆ? ಅದು ಅವರ ಕೈಗುಣಕ್ಕೆ ಹೆಸರಿಟ್ಟ ಹಾಗೆ. ಜೀವ ಗಂಟಲಿಗೆ ಬಂದಿದ್ದರೂ ‘ಅಡ್ಡಿ ಇಲ್ರಿ, ನಿಮ್ಮ ಆಶೀರ್ವಾದ’ ಎನ್ನುವವನೇ ನಮ್ಮಲ್ಲಿ ಒಳ್ಳೆಯ ಮನೆತನದವನು.

ಒಮ್ಮೆ ಲಕ್ಕಲಕಟ್ಟಿಯ ಗೌಡರೊಬ್ಬರು ಭುಜದ ಕೀಲು ತಪ್ಪಿಸಿಕೊಂಡು ಬಂದರು. ಜೊತೆಗೆ ನಾಲ್ಕು ಜನ ಆಳುಗಳು. ಅಷ್ಟು ಜನರ ಮುಂದೆ ಗೌಡರು ನರಳುವಂತಿಲ್ಲ.

“ಎಲ್ಲಿ ನೋಯ್ತೈತ್ರಿ ಗೌಡ್ರ?” ಎಂದು ಅಜ್ಜ ಕೇಳಿದರು.

“ಅಂಥಾದ್ದೇನಿಲ್ಲೋ. ಅಡ್ಡಿ ಇಲ್ಲ.”

ಅಜ್ಜ ಎದ್ದರು. ಕೆಡವಿ ಹಾಕಿದ್ದ ಎತ್ತಿನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಗೊರಸು ಹೆರೆಯತೊಡಗಿದರು. ಗೌಡರ ಮೋರೆಯಲ್ಲಿ ಬೆವರು ಇಳಿಯಿತು. ಕೊನೆಗೆ, “ಏ ನಾಲಬಂದ, ನಾ ಇಲ್ಲಿ ಕುಂತೀನಿ!” ಎಂದರು.

“ನೀವು ಅಡ್ಡಿ ಇಲ್ಲ ಅಂದ್ರೆಲ್ರಿ. ಅಡ್ಡಿ ಇದ್ದವ್ರನ್ನ ಮೊದಲ ನೋಡ್ತೀನಿ. ಈ ಎತ್ತು ನೋಡ್ರಿ, ತನ್ನ ಅಡ್ಡಿ ಏನಂತ ಒದ್ದ ಹೇಳೇತಿ.”

“ಬಗಲಾಗ ಬೆಂಕಿ ಇಟ್ಟಂಗ ಉರಿತೈತೋ ಯಪ್ಪಾ!”

“ಹಾಂ, ಈಗ ಬರ್ರಿ,” ಎಂದು ಅಜ್ಜ ಕೈ ಒರೆಸಿಕೊಂಡು ಎದ್ದುಬಂದರು. ಆ ದಿನ ಅಲ್ಲಿ ನಿಂತು ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

ನೋವು ಎಂಬುದು ಒಂದೇ ಮಾತಲ್ಲ ಎಂದು ಅಜ್ಜನ ವಾದ. ಮಿಡಿಯುವುದು ಬೇರೆ, ಚುಚ್ಚುವುದು ಬೇರೆ. ಸೆಳೆತ ಬೇರೆ, ಕೊರೆತ ಬೇರೆ. ಮಿಡಿದರೆ ಒಳಗೆ ಬಾವು ಇದೆ, ಚುಚ್ಚಿದರೆ ಎಲುಬಿನ ಚೂರು ಇದೆ, ಜೋಮು ಹಿಡಿದರೆ ರಕ್ತದ ದಾರಿಗೆ ಏನೋ ಅಡ್ಡ ಬಂದಿದೆ. ಬಂದವರು ಬರೀ ‘ನೋವು’ ಎಂದರೆ ಅವರಿಗೆ ಸಾಲುತ್ತಿರಲಿಲ್ಲ. “ಅದಕ್ಕೊಂದು ಹೆಸರ ಹಚ್ಚು. ನಿನ್ನ ಮೈಯೊಳಗ ನಾ ಹೊಕ್ಕು ನೋಡಾಕ ಆಗತೈತೇನು? ಎತ್ತು ಒದಿತೈತಿ, ಹಾಯ್ತೈತಿ, ಸುಳ್ಳ ಮಾತ್ರ ಹೇಳೂದಿಲ್ಲ. ಅದಕ್ಕ ಪಾಪ ಮರ್ಯಾದಿ ಗೊತ್ತಿಲ್ಲ,” ಎನ್ನುತ್ತಿದ್ದರು.

ನಾನು ಕಾಗದ ಬರೆಯುವವನು. ಪೇಟೆಯಲ್ಲಿ ಒಂದು ಜಗಲಿಯ ಮೇಲೆ ಕೂತು ಬರೆಯಲು ಬಾರದವರ ಪರವಾಗಿ ಬರೆಯುವುದು, ರೋಣದ ಕಚೇರಿಗೆ ಹೋಗುವ ಅರ್ಜಿ ತಯಾರಿಸುವುದು, ಮಠದವರು ಕೇಳಿದರೆ ಹಳೆಯ ಓಲೆಗಳನ್ನು ಕಾಗದದ ಮೇಲೆ ನಕಲು ಮಾಡುವುದು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಜನ ಹೇಳುತ್ತಿದ್ದರು; ಹೇಳದಿದ್ದರೆ ನಾನೇ ಹೇಳಿಸುತ್ತಿದ್ದೆ. ಮನೆಯಲ್ಲಿ ಮೂವರು ಜ್ವರ ಹಿಡಿದು ಮಲಗಿದ್ದರೂ ನಮ್ಮ ಕಡೆಯ ಕಾಗದ ‘ಉಭಯ ಕುಶಲೋಪರಿ’ ಎಂದೇ ಶುರುವಾಗಬೇಕು. ಆ ಎರಡು ಪದಗಳನ್ನು ನನ್ನಷ್ಟು ಚಂದ ಬರೆಯುವವರು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ಹೊಲವಿಲ್ಲ, ಮಗ್ಗವಿಲ್ಲ, ನನ್ನ ಬಲಗೈ ಒಂದೇ ನನ್ನ ಆಸ್ತಿ.

ಕುಂಪಣಿಯವರ ಮೇಲೆ ನರಗುಂದ ತಿರುಗಿಬಿದ್ದ ಗದ್ದಲಕ್ಕೆ ಮೂರು ವರ್ಷ ಮುಂಚಿನ ಮಾತು. ಒಂದು ಹಳೆಯ ಓಲೆಕಟ್ಟನ್ನು ನಕಲು ಮಾಡಲು ನರಗುಂದಕ್ಕೆ ಹೋಗಿದ್ದೆ. ಮುಗಿಸಿಕೊಂಡು ಮುಂಜಾನೆ ಹೊರಟ ಚಕ್ಕಡಿ ಊರ ಹೊರಗಿನ ಹಳ್ಳ ಇಳಿಯುವಾಗ ಎರೆಮಣ್ಣಿನಲ್ಲಿ ಜಾರಿ ಮಗುಚಿತು. ಓಲೆಕಟ್ಟು ಒದ್ದೆಯಾಗಬಾರದೆಂದು ಎಡಗೈಯಲ್ಲಿ ಎತ್ತಿಹಿಡಿದೆ. ಬಲಗೈ ಗಾಲಿಯ ಕೆಳಗೆ ಸಿಕ್ಕಿತು. ಓಲೆಗಳು ಉಳಿದವು.

ಜನ ನನ್ನನ್ನು ಹೊತ್ತು ನರಗುಂದದ ಪಂಡಿತರ ಮನೆಗೆ ಒಯ್ದರು. ದೊಡ್ಡ ವಿದ್ವಾಂಸರು. ಅಂಥವರ ಮುಂದೆ ರೋಗಿ ಬಾಯಿ ಬಿಡಬಾರದೆಂಬುದು ನಮ್ಮಲ್ಲಿ ಪದ್ಧತಿ. ನಾಡಿ ಹಿಡಿದು ಅವರೇ ಎಲ್ಲ ಹೇಳಬೇಕು, ನಾವು ಹೇಳಿಬಿಟ್ಟರೆ ಅವರ ವಿದ್ಯೆಯಲ್ಲಿ ನಂಬಿಕೆ ಇಲ್ಲವೆಂದು ಅರ್ಥ. ನಾನು ತುಟಿ ಕಚ್ಚಿ ಎಡಗೈ ಚಾಚಿದೆ. ಪಂಡಿತರು ಕಣ್ಣು ಮುಚ್ಚಿ ನಾಡಿ ಹಿಡಿದರು.

“ಮುಂಜಾನಿಂದ ಏನೂ ತಿಂದಿಲ್ಲ. ಭಾಳ ಅಂಜೀರಿ. ಮೊದಲಿಂದಾನೂ ಅಂಜೂ ಸ್ವಭಾವನ ಅದ,” ಎಂದರು. ಮೂರೂ ನಿಜ. ಆಮೇಲೆ ಕಣ್ಣು ತೆರೆದು ನನ್ನ ಬಲಗೈ ನೋಡಿ, “ನಾಡಿ ಎಲ್ಲಾ ಹೇಳತದ, ಖರೇ. ಆದ್ರ ಎಲಬ ಕೂಡಸೂದಿಲ್ಲ. ನಿಮ್ಮ ಊರಾಗ ಲಾಳ ಹೊಡಿಯೂ ಮುದುಕ ಇದ್ದಾನಲ್ಲಾ, ಲಗೂನ ಅವನ ಕಡೆ ಹೋಗ್ರಿ,” ಎಂದು ಒಂದು ಹಲಗೆಗೆ ಕೈ ಕಟ್ಟಿ, ಕುಡಿಯಲು ಕಷಾಯ ಕೊಟ್ಟು ಕಳಿಸಿದರು. ಇಂದಿಗೂ ಅವರ ಬಗ್ಗೆ ನನಗೆ ಗೌರವವಿದೆ. ತನಗೆ ಬಾರದ್ದನ್ನು ಬಾರದು ಎಂದ ವೈದ್ಯರನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಬೇವಿನ ಮರದ ಕೆಳಗೆ ಅಜ್ಜ ನನ್ನ ಕೈ ಬಿಚ್ಚಿದರು. ಅವರ ಹೆಬ್ಬೆರಳು ನನ್ನ ಮೊಣಕೈಯಿಂದ ಮಣಿಕಟ್ಟಿನ ತನಕ ಇರುವೆಯಂತೆ ಹರಿದುಬಂತು.

“ಎರಡೂ ಎಲಬ ಮುರದಾವ. ಬರಿಯೂ ಕೈ ಹೌದಿಲ್ಲ?”

“ಹೌದ್ರಿ ಅಜ್ಜಾರ. ಮತ್ತ ಬರೀತೀನೇನ್ರಿ?”

“ಗೊತ್ತಿಲ್ಲ.”

ನನ್ನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. “ಹಂಗನಬ್ಯಾಡ್ರಿ ಯಜ್ಜಾರ, ಧೈರ್ಯ ಹೇಳ್ರಿ,” ಎಂದಳು.

“ಗೊತ್ತಾದ ದಿನ ಹೇಳ್ತೀನಿ ಯವ್ವಾ. ಸುಳ್ಳ ನಾನೂ ಹೇಳೂದಿಲ್ಲ, ನಿನ್ನ ಗಂಡನೂ ನನಗ ಹೇಳಬಾರ್ದು.”

ಎಲುಬು ಕೂಡಿಸಿದ ಗಳಿಗೆಯನ್ನು ಬರೆಯುವುದಿಲ್ಲ. ಲೇಪಕ್ಕೆ ಕೋಳಿಮೊಟ್ಟೆ ಕಲಸುವುದು ವಾಡಿಕೆ; ನಮ್ಮ ಮನೆಗೆ ತತ್ತಿ ಬರುವಂತಿಲ್ಲ ಎಂದು ತಿಳಿದು, ಬರೀ ಉದ್ದಿನ ಹಿಟ್ಟಿನ ಲೇಪ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಟ್ಟೆಯ ಪಟ್ಟಿ ಸುತ್ತಿದರು. ಹೆಂಡತಿ ನೀರು ತರಲು ಹೋಗಿದ್ದಾಗ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: “ಇನ್ನ ಮ್ಯಾಲೆ ನೋವು ನಿನ್ನ ಕಾವಲುಗಾರ. ಮೆಲ್ಲಕ ಕಡಿಮಿ ಆದ್ರ ಚಲೋ. ಒಮ್ಮಿಗೇ ನಿಂತ್ರ ಕಾವಲುಗಾರ ಸತ್ತಾನಂತ ತಿಳಿ. ಯಾರನ್ನರ ಓಡಸು ನನ್ನ ಕಡೆ.” ನಾನು ಹೂಂ ಎಂದೆ. ಆ ಹೊತ್ತಿಗೆ ಅವರು ನನ್ನ ಕೈಯನ್ನು ಕಡಿಯುತ್ತೇನೆ ಎಂದಿದ್ದರೂ ಹೂಂ ಅನ್ನುತ್ತಿದ್ದೆ.

ಮೂರು ದಿನ ಕೈ ಮಿಡಿಯಿತು. ಪಟ್ಟಿಯ ಒಳಗೆ ಬಾವು ಏರುತ್ತಿತ್ತು, ನಾನು ಯಾರಿಗೂ ಪೂರ್ತಿ ಹೇಳಲಿಲ್ಲ. ಹೆಂಡತಿ ಕೇಳಿದರೆ ಅವಳು ಅಂಜುತ್ತಾಳೆಂದು ಸುಮ್ಮನಾದೆ. ಅಜ್ಜ ಪ್ರತಿದಿನ ಮಧ್ಯಾಹ್ನ ಬಂದು ಕೇಳಿದಾಗ “ಮಿಡಿತೈತ್ರಿ, ಸ್ವಲ್ಪ” ಎಂದೆ. ಅವರ ಮುಂದೆ ‘ಅಡ್ಡಿ ಇಲ್ಲ’ ಅನ್ನುವಂತಿಲ್ಲವಲ್ಲ. ಅದಕ್ಕೆ ‘ಸ್ವಲ್ಪ’ ಎಂಬ ಮಾತನ್ನು ಹುಡುಕಿಕೊಂಡಿದ್ದೆ. ಗೌಡರನ್ನು ನೋಡಿ ನಕ್ಕವನು ಗೌಡರಿಗಿಂತ ಜಾಣನಾಗಿದ್ದೆ ನೋಡಿ.

ನಾಲ್ಕನೆಯ ದಿನ ಬೆಳಗಾಗುವ ಹೊತ್ತಿಗೆ ನೋವು ನಿಂತೇಹೋಯಿತು. ಆ ಸುಖವನ್ನು ಹೇಗೆ ಹೇಳಲಿ! ಮಳೆ ನಿಂತ ಮೇಲಿನ ಬಯಲಿನ ಹಾಗೆ ಕೈಯೆಲ್ಲ ನಿಶ್ಶಬ್ದ. ಪಂಡಿತರ ಕಷಾಯ ಹಿಡಿಯಿತು, ಅಜ್ಜನ ಕೈಗುಣ ಫಲಿಸಿತು ಎಂದುಕೊಂಡೆ. ಕಾವಲುಗಾರನ ಮಾತು ನೆನಪಿಗೇ ಬರಲಿಲ್ಲ. ಹೆಂಡತಿಯನ್ನು ಕರೆದು, “ಪೂರಾ ಆರಾಮಾತು. ನೋವ ಇಲ್ಲ, ಏನಿಲ್ಲ,” ಎಂದೆ. ಅವಳು ದೇವರಿಗೆ ಕೈಮುಗಿದಳು. ನೆಟ್ಟಗೆ ಒಲೆಯ ಮುಂದೆ ಕೂತು ಗೋಧಿ ಹುಗ್ಗಿ ಮಾಡಿದಳು. ಮೊದಲ ಬಟ್ಟಲು ಅಜ್ಜನಿಗೇ ಮುಟ್ಟಬೇಕೆಂದು, ಬಿಸಿ ಇರುವಾಗಲೇ ಸೆರಗಿನಲ್ಲಿ ಮುಚ್ಚಿಕೊಂಡು ಬೇವಿನ ಮರದ ಕಡೆ ಹೋದಳು.

ಮುಂದಿನದನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ಅಜ್ಜ ಒಂದು ಎತ್ತಿಗೆ ಮೂರು ಕಾಲಿನ ಲಾಳ ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದರಂತೆ. ಇವಳು ಬಟ್ಟಲು ಮುಂದಿಟ್ಟು, “ಏನ್ ಕೈಗುಣ್ರೀ ಯಜ್ಜಾರ ನಿಮ್ಮದು! ನೋವ ಒಮ್ಮಿಗೇ ನಿಂತೈತಂತ,” ಎಂದಳಂತೆ. ಅಜ್ಜ ಹುಗ್ಗಿಯನ್ನು ನೋಡಲಿಲ್ಲ. ಗೊರಸು ಹೆರೆಯುವ ಕತ್ತಿ ಕೈಯಲ್ಲಿದ್ದ ಹಾಗೇ ಎದ್ದು ಓಡಿದರು. ಎಪ್ಪತ್ತು ದಾಟಿದ ಮುದುಕರು, ತಲೆಯ ಮೇಲಿನ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದು, ಕತ್ತಿ ಹಿಡಿದು ಪೇಟೆಯ ನಡುವೆ ಓಡಿದರೆ ಜನ ಏನೆಂದುಕೊಂಡಾರು! ಅಂಗಡಿಯವರು ಬಾಗಿಲು ಹಾಕಿಕೊಂಡರಂತೆ. ಹಿಂದೆ ನನ್ನ ಹೆಂಡತಿ ‘ಏನಾತ್ರೀ, ಏನಾತ್ರೀ’ ಎನ್ನುತ್ತ ಓಡಿ ಬರುತ್ತಿದ್ದಳು.

ನಾನು ಗೋಡೆಗೆ ಒರಗಿ ಕೂತು ಹುಗ್ಗಿ ತಿನ್ನುತ್ತಿದ್ದೆ, ಎಡಗೈಯಲ್ಲಿ.

“ಬೆರಳ ಅಲ್ಲಾಡಸು,” ಎಂದರು ಅಜ್ಜ, ಏದುಸಿರಿನಲ್ಲಿ.

ಅಲ್ಲಾಡಿಸಿದೆ ಎಂದುಕೊಂಡೆ. ಪಟ್ಟಿಯ ತುದಿಯಲ್ಲಿ ನನ್ನ ಐದು ಬೆರಳು ಮೇಣದವುಗಳ ಹಾಗೆ ಬಿದ್ದಿದ್ದವು. ಅಜ್ಜ ನನ್ನ ನಡುಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗೆ ಹಾಗೇ ಉಳಿಯಿತು.

“ಏನನಸ್ತೈತಿ?”

ಎದುರಿಗೆ ಹಿರಿಯರು. ಓಡಿ ಬಂದಿದ್ದಾರೆ, ನಾಲ್ಕು ದಿನದಿಂದ ನನ್ನ ಸಲುವಾಗಿ ಬಿಸಿಲಲ್ಲಿ ನಡೆದಿದ್ದಾರೆ. ನನ್ನ ಬಾಯಿಂದ ತಾನಾಗಿ ಬಂತು: “ಅಡ್ಡಿ ಇಲ್ರಿ.”

ಆ ದಿನ ಮಾತ್ರ ಅವರು ಎದ್ದುಹೋಗಲಿಲ್ಲ. ಕತ್ತಿಯ ತುದಿ ಪಟ್ಟಿಯ ಕೆಳಗೆ ತೂರಿಸಿ ಮಣಿಕಟ್ಟಿನಿಂದ ಮೊಣಕೈ ತನಕ ಸರ್ರನೆ ಸೀಳಿದರು. ದಬ್ಬೆಗಳು ಉದುರಿದವು. ಒಳಗಿನ ಕೈ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ಕೂತಳು. ಅವಳಿಗೆ ಬಿಸಿನೀರು ಕಾಯಿಸಲು ಹೇಳಿ ಅಜ್ಜ ನನ್ನ ಕೈಯನ್ನು ತಮ್ಮ ಎರಡೂ ಅಂಗೈಯ ಮೇಲೆ ಇಟ್ಟುಕೊಂಡರು.

“ಈಗ?”

“ಏನಿಲ್ರಿ.”

“ಈಗ? ಖರೇ ಹೇಳು.”

“ಖರೇನ ಏನಿಲ್ರಿ ಅಜ್ಜಾರ.” ಆಗ ನನಗೆ ಅರ್ಥವಾಯಿತು. ನೋವು ಹೋಗಿರಲಿಲ್ಲ, ಕೈ ಹೋಗುತ್ತಿತ್ತು. ಅಜ್ಜ ಬಿಸಿನೀರಿನ ಬಟ್ಟೆ ಇಟ್ಟರು, ತೆಗೆದರು, ಬೆರಳುಗಳ ಬುಡವನ್ನು ಉಜ್ಜಿದರು. ಪ್ರತಿ ಸಲ ಅದೇ ಪ್ರಶ್ನೆ, ಪ್ರತಿ ಸಲ ಅದೇ ಉತ್ತರ. ಒಲೆಯ ಮೇಲಿನ ಹುಗ್ಗಿ ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಕಿರುಬೆರಳಿನ ತುದಿಯಲ್ಲಿ ಏನೋ ಆಯಿತು. “ಇರಿವಿ... ಇರಿವಿ ಹರದಂಗ ಆಗಾಕತ್ತೈತ್ರಿ,” ಎಂದೆ.

“ಮುಂದ ಹೇಳು.”

“ಜುಮು ಜುಮು ಅಂತೈತಿ... ಸೂಜಿ... ಉರಿ... ಉರಿ, ಅಜ್ಜಾರ!” ಆಮೇಲೆ ನನ್ನ ಹದಿನಾಲ್ಕು ತಲೆಮಾರಿನವರು ಎಂದೂ ಆಡದ ಮಾತುಗಳನ್ನು ಆಡಿದೆ. ಯಾವ ಮುದುಕರ ಮರ್ಯಾದೆಗೆಂದು ನಾಲ್ಕು ದಿನ ತುಟಿ ಕಚ್ಚಿದ್ದೆನೋ ಅವರಿಗೇ, “ನಿನ್ನ ಕೈ ಸೇದಿ ಹೋಗ್ಲಿ, ಮುದಿಯಾ! ಬಿಡೋ ನನ್ನ ಕೈ!” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅಜ್ಜನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. “ಬೈಯಿ, ಇನ್ನೊಮ್ಮಿ ಬೈಯಿ!” ಎನ್ನುತ್ತಿದ್ದರು.

“ಅಯ್ಯ ಶಿವನ, ಹಿರಿಯಾರಿಗೆ...” ಎಂದು ಹೆಂಡತಿ ಸೆರಗು ಬಾಯಿಗೆ ಹಿಡಿದಳು.

“ಬೈಲಿ ಬಿಡ ಯವ್ವಾ. ಈ ಬೈಗಳಕ್ಕ ನಾ ಎಂಟ ವರ್ಷ ಕಾದೀನಿ.”

ಪಟ್ಟಿಯನ್ನು ಸಡಿಲಾಗಿ ಮತ್ತೆ ಕಟ್ಟುತ್ತ ಆ ಎಂಟು ವರ್ಷದ ಮಾತು ಹೇಳಿದರು. ಮುಶಿಗೇರಿಯ ಒಬ್ಬ ಒಕ್ಕಲಿಗ ಹುಡುಗಾಟದ ಕುಸ್ತಿಯಲ್ಲಿ ಕೈ ಮುರಿದುಕೊಂಡು ಬಂದಿದ್ದ. ಅವನಿಗೂ ಹೀಗೇ ಪಟ್ಟಿ ಕಟ್ಟಿದ್ದರು. “ದಿನಾ ಹೋಗಿ ಕೇಳ್ತಿದ್ದೆ. ಹ್ಯಾಂಗ ಕೇಳ್ತಿದ್ದೆ ಗೊತ್ತೈತೇನು? ‘ಅಡ್ಡಿ ಇಲ್ಲ, ಹೌದಿಲ್ಲ?’ ಅಂತಿದ್ದೆ. ಅವ ಪಾಪ ‘ಹೌದ್ರಿ, ಅಡ್ಡಿ ಇಲ್ರಿ’ ಅಂತಿದ್ದ. ಐದನೇ ದಿನ ಬಿಚ್ಚಿದ್ರ ಕೈ ಕರ್ರಗಾಗಿತ್ತು. ಮೊಣಕೈ ಮಟಾ ಹೋತು. ಅವ ಸುಳ್ಳ ಹೇಳಲಿಲ್ಲ ತಮ್ಮಾ. ನಾ ಉತ್ತರಾ ಅವನ ಬಾಯಾಗಿಟ್ಟು ಪ್ರಶ್ನಿ ಕೇಳಿದೆ.” ಊರು ನಗುತ್ತಿದ್ದ ಆ ಕಟ್ಟಳೆ ಎಲ್ಲಿ ಹುಟ್ಟಿತೆಂದು ನನಗೆ ತಿಳಿದದ್ದು ಅಂದು.

ಕೈ ಉಳಿಯಿತು. ಆದರೆ ಉಳಿದ ಕೈ ನನ್ನದಾಗಿರಲಿಲ್ಲ. ಒಂದೂವರೆ ತಿಂಗಳಿಗೆ ದಬ್ಬೆ ತೆಗೆದಾಗ ಮಣಿಕಟ್ಟು ಮಣಿಯುತ್ತಿರಲಿಲ್ಲ, ಬೆರಳುಗಳು ಅರ್ಧಕ್ಕೆ ಬಂದು ನಿಲ್ಲುತ್ತಿದ್ದವು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಬರೆಯುವ ಲೆಕ್ಕಣಿಕೆಯನ್ನು ಬೆರಳ ನಡುವೆ ಇಟ್ಟರೆ ಜಾರಿ ಬೀಳುತ್ತಿತ್ತು. ಅಜ್ಜನ ನಿಜವಾದ ಕೆಲಸ ಆಮೇಲೆ ಶುರುವಾಯಿತು. ಬೆಚ್ಚಗಿನ ಎಣ್ಣೆ ಹಚ್ಚಿ ಬೆರಳು ಬೆರಳಾಗಿ ತಿಕ್ಕಿ ಮಣಿಸುವುದು, ಒದ್ದೆ ಬಟ್ಟೆ ಹಿಂಡಿಸುವುದು, ಪರಾತದಲ್ಲಿ ಹರಡಿದ ಜೋಳದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿಸುವುದು. ಎಷ್ಟು ಮಣಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನಮ್ಮಿಬ್ಬರ ನಡುವೆ ಒಂದು ಅಳತೆ ಹುಟ್ಟಿತು. ನೋವು ಜೋಳದ ಕಾಳಿನಷ್ಟಿದ್ದರೆ ಏನೂ ಆಗುತ್ತಿಲ್ಲ. ಕಡಲೆಯಷ್ಟಾದರೆ ಕೆಲಸ ನಡೆದಿದೆ. ಲಿಂಬೆಹಣ್ಣಿನಷ್ಟಾದರೆ ಅಲ್ಲೇ ತಡೆದು ಹತ್ತು ಎಣಿಸಬೇಕು. ತೆಂಗಿನಕಾಯಿ ಎಂದರೆ ಬಿಟ್ಟುಬಿಡಬೇಕು. ದಾರಿಯಲ್ಲಿ ಹೋಗುವವರು “ಕಡ್ಲಿ... ಕಡ್ಲಿ... ಲಿಂಬಿಹಣ್ಣ!” ಎಂದು ನಾನು ಕೂಗುವುದನ್ನು ಕೇಳಿ, ಕಾಗದ ಬರೆಯುವವ ಸಂತೆಯಲ್ಲಿ ಕಾಯಿಪಲ್ಲೆ ಮಾರಲು ಹತ್ತಿದ್ದಾನೆ ಎಂದು ನಗುತ್ತಿದ್ದರು.

ಮೂರನೆಯ ತಿಂಗಳಿಗೆ ನನ್ನ ಮನಸ್ಸು ಮುರಿಯಿತು. ಬೆರಳು ಅಷ್ಟಕ್ಕೇ ನಿಂತಿದ್ದವು. ಜಗಲಿಯ ಮೇಲೆ ಬೇರೆ ಯಾರೋ ಕೂತು ಕಾಗದ ಬರೆಯುತ್ತಿದ್ದಾನೆ, ಅವನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಸುದ್ದಿ ಬಂತು. ಕೋಳಿ ಕೆದರಿದ ಅಕ್ಷರವೂ ನನ್ನ ಕೈಲಾಗದಲ್ಲ ಎಂದು ಹೊಟ್ಟೆ ಉರಿಯಿತು. ಮನೆಯಲ್ಲಿ ಕಾಳು ಹೆಕ್ಕುವುದನ್ನು ಬಿಟ್ಟೆ. ಅಜ್ಜ ತಿಕ್ಕುವಾಗ ಕಡಲೆಯಷ್ಟಕ್ಕೇ “ತೆಂಗಿನಕಾಯಿ!” ಎಂದು ಚೀರಿ ಕೈ ಎಳೆದುಕೊಳ್ಳತೊಡಗಿದೆ. ಎರಡು ದಿನ ನೋಡಿ ಅಜ್ಜ ನನ್ನನ್ನು ಕೇಳುವುದು ಬಿಟ್ಟು ಹೆಂಡತಿಯನ್ನು ಕೇಳಿದರು.

“ಪರಾತ ಮುಟ್ಟಿ ಎಂಟ ದಿನಾತ್ರೀ,” ಎಂದಳು ಅವಳು, ನನ್ನ ಮುಖ ನೋಡದೆ. “ಉಣ್ಣೂವಾಗ ಗ್ವಾಡಿ ಕಡೆ ಮುಖಾ ಮಾಡಿ ಅಳತಾರ್ರಿ.”

ಅಜ್ಜ ಬೈಯಲಿಲ್ಲ. “ನಾಳಿ ಮುಶಿಗೇರಿಗೆ ಹೋಗೂಣು, ಬಾ,” ಎಂದಷ್ಟೇ ಹೇಳಿದರು.

ಕೈ ಕಳೆದುಕೊಂಡವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಬಲ ಮೊಣಕೈಯ ಕೆಳಗೆ ಅಂಗಿಯ ತೋಳು ಗಂಟು ಹಾಕಿತ್ತು. ಅಜ್ಜನನ್ನು ಕಂಡು ಅವನಿಗೆ ಖರೇ ಸಂತೋಷವಾಯಿತು. ಚಾಪೆ ಹಾಸಿ, ಮಜ್ಜಿಗೆ ತರಿಸಿದ. ವರ್ಷಕ್ಕೊಮ್ಮೆ ಅಜ್ಜ ಹೀಗೆ ಬರುತ್ತಿದ್ದರಂತೆ, ಪ್ರತಿ ಸಲ ಮಜ್ಜಿಗೆ, ಪ್ರತಿ ಸಲ “ಅಡ್ಡಿ ಇಲ್ರಿ ಅಜ್ಜಾರ, ನೀವೇನ ಮನಸಿಗೆ ಹಚ್ಕೋಬ್ಯಾಡ್ರಿ.” ಅಜ್ಜ ಅವನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿ, “ನಿನ್ನ ಕೈ ಎಲ್ಲೆಲ್ಲಿ ಹ್ಯಾಂಗ ನೋಯ್ತೈತಿ, ಇವಂಗ ಹೇಳು,” ಎಂದರು.

ನಾಚಿಕೆಯಾಯಿತು. ಕೈಯೇ ಇಲ್ಲದವನ ಮುಂದೆ ನನ್ನ ಕೈನೋವು ಹೇಳುವುದೆ? ಆದರೂ ಹೇಳಿದೆ. ಮಣಿಕಟ್ಟಿನಲ್ಲಿ ಕೊರೆತ, ಬೆರಳಿನ ಬುಡದಲ್ಲಿ ಸೆಳೆತ, ಲಿಂಬೆಹಣ್ಣಿನಷ್ಟು. ಹೇಳುತ್ತ ಹೋದ ಹಾಗೆ ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ನಾನು ನಿಲ್ಲಿಸಿದ ಮೇಲೂ ನೋಡುತ್ತಿದ್ದ.

“ನನಗೂ ನೋಯ್ತಾವ್ರಿ,” ಎಂದ ಮೆಲ್ಲಗೆ.

“ಏನು ನೋಯ್ತಾವು?” ಎಂದರು ಅಜ್ಜ.

“ಬೆರಳು.” ಎಡಗೈಯಿಂದ, ಏನೂ ಇಲ್ಲದ ಜಾಗವನ್ನು ತೋರಿಸಿದ.

ನಾನು ಕೂತಲ್ಲೇ ಹಿಂದೆ ಸರಿದೆ. ಅಜ್ಜ ಮಾತ್ರ ಹುಬ್ಬು ಕೂಡ ಏರಿಸಲಿಲ್ಲ. “ಯಾವ ಬೆರಳು?” ಎಂದು ಕೇಳಿದರು, ಇದ್ದ ಕೈಯ ಬಗ್ಗೆ ಕೇಳುವ ಹಾಗೆಯೇ.

“ಕಿರಿಬೆರಳ್ರಿ. ಮಡಚಿ ಕುಂತಂಗ ಆಗತೈತಿ, ಉಗುರು ಅಂಗೈಯಾಗ ಚುಚ್ಚಿದಂಗ. ಬಿಚ್ಚಬೇಕಂತೀನಿ, ಬಿಚ್ಚಾಕ ಕೈ ಇಲ್ಲ. ಮನಿಯಾಗ ಹೇಳಿಲ್ರಿ. ದೆವ್ವ ಬಡದೈತಂತಾರ. ನಿಮಗ ಹ್ಯಾಂಗ ಹೇಳ್ಲಿ, ನೀವು ನೊಂದ್ಕೊಂತೀರಿ.”

“ನಾ ನಂಬ್ತೀನಿ,” ಎಂದರು ಅಜ್ಜ. “ನೀ ನೋಯ್ತೈತಂದ್ರ ನೋಯ್ತೈತಿ. ಇದಕ್ಕ ನನ್ನ ಕಡೆ ಔಷಧ ಇಲ್ಲ ತಮ್ಮಾ. ಆದ್ರ ಹೇಳು, ಇನ್ನೂ ಹೇಳು.” ಅವನ ಮೊಂಡು ತೋಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚಿ ತಿಕ್ಕುತ್ತ ಕೂತರು. ಅವನು ಎಂಟು ವರ್ಷದ್ದನ್ನೆಲ್ಲ ಹೇಳಿದ. ಬಿತ್ತುವಾಗ ಕೂರಿಗೆ ಹಿಡಿಯಲು ಆಗದ್ದು, ಮಗುವನ್ನು ಎತ್ತುವಾಗಿನ ಅಂಜಿಕೆ, ಒಂದೆರಡು ಸಲ ಅಜ್ಜನನ್ನು ಮನಸ್ಸಿನಲ್ಲೇ ಶಪಿಸಿದ್ದು, ಅದನ್ನೂ ಹೇಳಿದ. ಕೊನೆಗೆ ಅತ್ತ. ನಾನೂ ಅತ್ತೆ. ಅಜ್ಜ ಅಳಲಿಲ್ಲ. ಅವರ ಮುಖ ಮಾತ್ರ ಹೊರೆ ಇಳಿಸಿದವನ ಮುಖದ ಹಾಗಿತ್ತು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅವರು, “ಎಂಟ ವರ್ಷ ಬರೇ ಮಜ್ಜಿಗಿ ಕುಡದ ಬಂದೆ ನೋಡ,” ಎಂದರು. ಮನೆ ಮುಟ್ಟಿದವನೇ ನಾನು ಪರಾತ ಎಳೆದುಕೊಂಡೆ. ಅಂದಿನಿಂದ ಕಡಲೆಯನ್ನು ಕಡಲೆ ಎಂದೆ, ತೆಂಗಿನಕಾಯಿಯನ್ನು ತೆಂಗಿನಕಾಯಿ ಎಂದೆ. ಅಜ್ಜನಿಗೆ ಬೇಕಾಗಿದ್ದದ್ದು ಅಷ್ಟೇ.

ಮುಷ್ಟಿ ಪೂರ್ತಿ ಮುಚ್ಚಲು ಆರು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಕಾಗದ ಹಾಸಿ ನನ್ನ ಹೆಸರು ಬರೆದೆ. ಒಂದು ಅಕ್ಷರ ಗುಡ್ಡ ಹತ್ತಿತ್ತು, ಒಂದು ಹಳ್ಳಕ್ಕೆ ಇಳಿದಿತ್ತು. ಓದಲು ಬಾರದ ಅಜ್ಜ ಕಾಗದವನ್ನು ತಿರುಗಾ ಮುರುಗಾ ಮಾಡಿ ನೋಡಿದರು.

“ಲಾಳ ಹೊಡಿಸ್ಕೊಂಡ ಎತ್ತು ಎದ್ದು ನಿಂತಂಗ ಐತಿ. ಕಾಲ ನಡಗತಾವು, ಆದ್ರ ನಿಂತೈತಿ. ಈಗ ಗೊತ್ತಾತು ನೋಡ ತಮ್ಮಾ. ಬರೀತಿ.”

ಮೊದಲ ದಿನ ನಾನು ಕೇಳಿದ ಪ್ರಶ್ನೆಗೆ ಅದು ಉತ್ತರ. ನಾನು ಅವರ ಕಾಲು ಮುಟ್ಟಲು ಬಾಗಿದರೆ, “ಏ, ಎತ್ತು ಕಾಯಾಕತ್ತೈತಿ,” ಎಂದು ಎದ್ದರು.

ನರಗುಂದದ ಗದ್ದಲ ಆಗಿ ಹೋದ ಮರುವರ್ಷ, ಚಳಿಗಾಲದಲ್ಲಿ ಅಜ್ಜ ಹಾಸಿಗೆ ಹಿಡಿದರು. ನೋಡಲು ಹೋದೆ. ಮಗ ಬಾಗಿಲಲ್ಲೇ ತಡೆದು, ಏನೂ ಕೇಳಬೇಡಿ, ದಣಿಯುತ್ತಾರೆ ಎಂದ. ಒಳಗಿನಿಂದ ಅಜ್ಜನೇ ಕರೆದರು. ನಾನು ಕೇಳುವ ಮೊದಲೇ ಹೇಳಿದರು: “ಎಡಗಡೆ ಪಕ್ಕಡಿ ಒಳಗ ಚುಚ್ಚತೈತಿ. ಉಸರ ಒಳಗ ಎಳದ್ರ ಜಾಸ್ತಿ. ಅಂಜಿಕಿ ಆಗೈತಿ ತಮ್ಮಾ.” ಎಂಥವರ ಬಾಯಲ್ಲೂ ನಾನು ಆ ಮಾತು ಅಷ್ಟು ಸರಳವಾಗಿ ಬಂದದ್ದನ್ನು ಕೇಳಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ಸಂಜೆಯ ತನಕ ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಮೂರನೆಯ ದಿನ ತೀರಿಕೊಂಡರು.

ಅವರ ಜನರಲ್ಲಿ ಮಣ್ಣು ಕೊಡುವಾಗ ಬಂದವರೆಲ್ಲ ಮೂರು ಮೂರು ಹಿಡಿ ಹಾಕುತ್ತಾರೆ. ನಾನು ದೂರ ನಿಂತಿದ್ದೆ. ಅಜ್ಜನ ಮಗ ನನ್ನನ್ನು ಕೈಬೀಸಿ ಕರೆದ. ಬಾಗಿ ಬಲಗೈಯಿಂದ ಎರೆಮಣ್ಣು ತೆಗೆದುಕೊಂಡೆ. ಒಂದು ಹಿಡಿ ಹಾಕಿದೆ, ಎರಡು ಹಾಕಿದೆ. ಮೂರನೆಯದಕ್ಕೆ ಮುಷ್ಟಿ ಬಿಗಿಯಾಗಿ ಮುಚ್ಚಿತು. ಈ ಬೆರಳುಗಳನ್ನು ಮುಚ್ಚಿಸಲು ಆ ಮನುಷ್ಯ ಆರು ತಿಂಗಳು ಹೆಣಗಿದ್ದರು. ಅಂದು ಅವು ಬಿಚ್ಚಲೊಲ್ಲವು. ಹಿಂದೆ ಜನ ಕಾಯುತ್ತಿದ್ದರು. ಅಜ್ಜನ ಮಗ ಹತ್ತಿರ ಬಂದು, “ಯಾಕ್ರಿ, ಕೈ ನೋಯ್ತೈತೇನ್ರಿ?” ಎಂದು ಕೇಳಿದ.

“ಕೈ ಚಲೋ ಐತಪ್ಪಾ,” ಎಂದೆ. “ನನಗ ಭಾಳ ನೋಯಾಕತ್ತೈತಿ.”

ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಮಣ್ಣು ಬಿತ್ತು.